ಒಳಗೋಡೆಗಾ, ಹೊರಗೋಡೆಗಾ?

ಬಣ್ಣದ ವಿಷಯದಲ್ಲಿ ಡಬ್ಬಣ್ಣನಿಗೆ ಯಾರೂ ಬುದ್ಧಿ ಹೇಳುವಂತಿರಲಿಲ್ಲ. ಸಂಸಾರ, ರಾಜಕೀಯ, ಮಂಡಿನೋವು, ಇವುಗಳ ಬಗ್ಗೆ ಯಾರು ಏನು ಹೇಳಿದರೂ ತಲೆಯಾಡಿಸಿ ಒಪ್ಪಿಕೊಳ್ಳುವ ಸಾಧುಪ್ರಾಣಿ ಅವನು. ಆದರೆ ಬಣ್ಣ ಅಂದ ಕೂಡಲೇ ಅವನ ಎದೆ ಎರಡು ಅಂಗುಲ ಮುಂದೆ ಬರುತ್ತಿತ್ತು. ಮೀಸೆ ಚಿಗುರುವ ಮೊದಲೇ ಪೇಂಟಿನ ಅಂಗಡಿಯ ಕೌಂಟರಿನ ಹಿಂದೆ ನಿಂತವನು, ಮೀಸೆಯಲ್ಲಿ ಬಿಳಿ ಕಾಣಿಸಿಕೊಂಡರೂ ಅಲ್ಲೇ ನಿಂತಿದ್ದ. ಡಬ್ಬ ತೆರೆಯುವುದು, ಬಣ್ಣ ಬೆರೆಸುವುದು, ಮುಚ್ಚಳ ಬಡಿದು ಕೂರಿಸುವುದು. ಬೀದಿಯವರು ಡಬ್ಬಣ್ಣ ಎಂದು ಕರೆದು ಕರೆದು, ಅವನ ನಿಜವಾದ ಹೆಸರನ್ನು ಈಗ ಹೆಂಡತಿಯೂ ಸ್ವಲ್ಪ ಯೋಚಿಸಿ ಹೇಳಬೇಕಾಗಿತ್ತು.

ಕಂಪನಿಯವರು ಕೊಡುವ ಬಣ್ಣದ ಪಟ್ಟಿ ಅವನಿಗೆ ಬಾಯಿಪಾಠ. ಕೆಂಪು, ಹಸಿರು, ನೀಲಿ ಎನ್ನುವವರನ್ನು ಕಂಡರೆ ಅವನಿಗೆ ಕನಿಕರ. ಅವನ ಲೋಕದಲ್ಲಿ ಕೆಂಪೆಂಬುದೇ ಇರಲಿಲ್ಲ. 'ಸಂಜೆಯ ನಾಚಿಕೆ' ಇತ್ತು. ಹಸಿರಿರಲಿಲ್ಲ, 'ಗಿಣಿಯ ಕನಸು' ಇತ್ತು. ಬೂದುಬಣ್ಣ ಎಂದರೆ ಕೈಮುಗಿದು, "ಆನೆಯ ನೆರಳು ಅನ್ನಿ ಸಾರ್, ಗೋಡೆಗೂ ಒಂದು ಮರ್ಯಾದೆ ಇರಲಿ," ಎನ್ನುತ್ತಿದ್ದ.

ಇಂಥವನಿಗೆ ಕೆಲಸದ ಅಂಗಿ ಎಂದು ಒಂದಿತ್ತು. ಹುಟ್ಟುವಾಗ ಅದು ಬಿಳಿಯದಾಗಿತ್ತು ಎನ್ನುವುದಕ್ಕೆ ಕಾಲರಿನ ಒಳಭಾಗ ಬಿಟ್ಟರೆ ಬೇರೆ ಸಾಕ್ಷಿಯಿರಲಿಲ್ಲ. ಅಂಗಡಿಯಲ್ಲಿ ಮಾರಾಟವಾದ ಪ್ರತಿಯೊಂದು ಬಣ್ಣವೂ ಒಂದೊಂದು ಹನಿಯಷ್ಟು ಅದರ ಮೇಲೆ ಸಹಿ ಹಾಕಿ ಹೋಗಿತ್ತು. ಡಬ್ಬಣ್ಣನ ಹೆಂಡತಿ ಕಣ್ಣಾಸ್ಪತ್ರೆಯಲ್ಲಿ ನರ್ಸು. ಶುಚಿತ್ವ ಅವಳ ಪ್ರಾಣ. ಆ ಅಂಗಿ ಹೊಸಿಲು ದಾಟಿ ಬಚ್ಚಲುಮನೆಯ ತನಕ ಬರಬಹುದು, ಅಲ್ಲಿಂದಾಚೆಗೆ ಒಂದು ಹೆಜ್ಜೆಯೂ ಇಡಕೂಡದು ಎಂದು ಅವಳ ಕಟ್ಟಪ್ಪಣೆಯಾಗಿತ್ತು.

ಇವರಿಗೆ ಮೂರು ತುಂಬಿದ ಒಬ್ಬಳು ಮಗಳು. ಹುಟ್ಟಿದಾಗ ಚಿಂವ್ ಚಿಂವ್ ಎಂದು ಅತ್ತಳೆಂದು ಗುಬ್ಬಿ ಎಂದು ಕರೆದರು. ಹಾಗೆ ಕರೆದದ್ದೇ ತಡ, ಗುಬ್ಬಿ ಬಾಯಿ ಮುಚ್ಚಿಬಿಟ್ಟಳು. ಅವಳ ಹತ್ತಿರ ಇದ್ದದ್ದು 'ಬೇಡ' ಮತ್ತು 'ಅಲ್ಲ' ಎಂಬ ಎರಡೇ ಮಾತು. ಆ ಎರಡರಿಂದಲೇ ಇಡೀ ಮನೆಯನ್ನು ಆಳುತ್ತಿದ್ದಳು. ಡಬ್ಬಣ್ಣ ಸಂಜೆ ಮನೆಗೆ ಬಂದಾಗ ಅವನ ಅತ್ತೆ ಮೊಮ್ಮಗಳನ್ನು ಎತ್ತಿಕೊಂಡು ಬಾಗಿಲಿಗೆ ಬಂದು, "ಅಪ್ಪ ಬಂದ, ನೋಡು! ಅಪ್ಪ ಬಂದ!" ಎಂದು ರಾಗವಾಗಿ ಹೇಳುತ್ತಿದ್ದರು. ಗುಬ್ಬಿ ಬಗ್ಗಿ, ಅಂಗಿಯ ಮೇಲಿನ ಚುಕ್ಕೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ, ಗಂಭೀರವಾಗಿ ಮುಖ ನೋಡುತ್ತಿದ್ದಳು. ಅಪ್ಪ ಎನ್ನುತ್ತಿರಲಿಲ್ಲ. ಡಬ್ಬಣ್ಣ ಬಚ್ಚಲಿಗೆ ಹೋಗುತ್ತಿದ್ದ. ನೀರು ಸುರಿದುಕೊಳ್ಳುವ ಸದ್ದು ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಕೇಳಿಸುತ್ತಿತ್ತು.

ಹೆಂಡತಿಯ ರಜೆ ಮುಗಿಯುತ್ತ ಬಂದಿತ್ತು. ದಿನವಿಡೀ ಮಗುವಿನ ಹಿಂದೆ ಓಡುವುದು ಅತ್ತೆಯ ಕೈಲಾಗದು, ಅವಳು ಕೆಲಸಕ್ಕೆ ಮರಳಬೇಕೆಂದರೆ ಮಗು ಶಿಶುವಿಹಾರಕ್ಕೆ ಸೇರಬೇಕು. ಹತ್ತಿರದಲ್ಲಿದ್ದದ್ದು ಒಂದೇ ಶಿಶುವಿಹಾರ, ಅಲ್ಲಿದ್ದದ್ದು ಒಂದೇ ನಿಯಮ: ಮಗುವಿಗೆ ತನಗೇನು ಬೇಕು ಎಂದು ಹೇಳಲು ಬರಬೇಕು. ಏನು ಬೇಡ ಎಂದು ಹೇಳಲು ಮಾತ್ರ ಬಂದರೆ ಸಾಲದು. ಗಾಬರಿಯಿಂದ ಗಂಡಹೆಂಡಿರು ಮಗುವನ್ನು ಮಕ್ಕಳ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಕಿವಿ, ಗಂಟಲು, ನಾಲಿಗೆ ಎಲ್ಲ ನೋಡಿ ನಕ್ಕರು.

"ಏನೂ ತೊಂದರೆ ಇಲ್ಲ. ದಿನಾ ಜೊತೇಲಿ ಕೂತು ಚಿತ್ರಕ್ಕೆ ಬಣ್ಣ ಹಚ್ಚಿಸಿ. ಹಚ್ತಾ ಹಚ್ತಾ ಮಾತಾಡಿ. ಇದು ಎಲೆ, ಇದು ಕೊಂಬೆ, ಮೇಲೆ, ಕೆಳಗೆ, ದೊಡ್ಡದು, ಸಣ್ಣದು ಅಂತ. ಕೈ ಓಡೋವಾಗ ಕಿವಿ ತೆರೆದಿರುತ್ತೆ. ನೋಡಿದ್ದಕ್ಕೂ ಕೇಳಿದ್ದಕ್ಕೂ ಗಂಟು ಬಿತ್ತು ಅಂದ್ರೆ ಆ ಮಾತು ಮರೆಯಲ್ಲ. ಮೊದಲು ನೀವು..."

ಡಬ್ಬಣ್ಣ ಕೈಯೆತ್ತಿ ಡಾಕ್ಟರರನ್ನು ತಡೆದ.

"ಬಣ್ಣದ ವಿಷಯ ತಾನೇ ಡಾಕ್ಟ್ರೇ? ಮುಂದಿಂದು ನನಗೆ ಬಿಡಿ."

ಡಾಕ್ಟರು ಬಿಟ್ಟರು. ಮುಂದಿನ ಎಲ್ಲ ಅನಾಹುತಕ್ಕೂ ಕಾರಣ ಇದೇ.

ಅವತ್ತು ಸಂಜೆ ಡಬ್ಬಣ್ಣ ಸ್ನಾನ ಮಾಡಿ, ಇಸ್ತ್ರಿಯಾದ ಬಿಳಿ ಅಂಗಿ ತೊಟ್ಟು, ತಲೆ ಬಾಚಿ, ಚಿತ್ರದ ಪುಸ್ತಕ ಹರವಿಕೊಂಡು ಚಾಪೆಯ ಮೇಲೆ ಕೂತ. ಬಣ್ಣದ ಕಡ್ಡಿಗಳನ್ನು ಸಾಲಾಗಿ ನಿಲ್ಲಿಸಿದ. ಎದುರಿಗೆ ಗುಬ್ಬಿ ಕೂತಳು. ಇನ್ನು ಮಾತಾಡಬೇಕು. ಡಬ್ಬಣ್ಣ ಗಂಟಲು ಸರಿಮಾಡಿಕೊಂಡ. ಪಾಪ, ಕೌಂಟರಿನ ಮಾತು ಬಿಟ್ಟರೆ ಅವನಿಗೆ ಬೇರೆ ಮಾತಾಡಿಯೇ ಗೊತ್ತಿರಲಿಲ್ಲ. ಮದುವೆಯ ಮಾತುಕತೆಯಲ್ಲೂ ಹುಡುಗಿಯನ್ನು ಅವನು ಕೇಳಿದ್ದು, "ನಿಮ್ಮ ಮನೆ ಗೋಡೆಗೆ ಯಾವ ಕಂಪನೀದು ಹೊಡೆಸಿದೀರಿ?" ಎಂದೇ. ಆದ್ದರಿಂದ ಬಂದ ಮಾತನ್ನೇ ಆಡಿದ.

"ಬನ್ನಿ ಮೇಡಂ, ಬನ್ನಿ. ಏನು ಕೊಡಲಿ? ಒಳಗೋಡೆಗಾ, ಹೊರಗೋಡೆಗಾ?"

ಗುಬ್ಬಿಯ ಕಣ್ಣು ಅರಳಿತು. ತನ್ನನ್ನು ಯಾರಾದರೂ ಮೇಡಂ ಎಂದು ಕರೆಯಲಿ ಎಂದೇ ಅವಳು ಇಷ್ಟು ದಿನ ಕಾದಿದ್ದಳೋ ಏನೋ. ಡಬ್ಬಣ್ಣನಿಗೆ ಹುರುಪು ಬಂತು. ಆನೆಯ ಚಿತ್ರ ತೆಗೆದು, "ಇದು ಒರಟು ಗೋಡೆ ಮೇಡಂ, ಮೊದಲು ಪ್ರೈಮರ್ ಬೇಕು. ಮೇಲಿಂದ ಕೆಳಗೆ ಹಚ್ಚಬೇಕು. ಎರಡು ಕೋಟಿಂಗ್ ಇಲ್ಲದೆ ನಿಲ್ಲಲ್ಲ," ಎಂದು ವಿವರಿಸಿದ. ಸೂರ್ಯ ಬಂದಾಗ, "ಈ ಕಡೆ ಬಿಸಿಲು, ಬೇಗ ಮಾಸುತ್ತೆ," ಎಂದ. ಕಪ್ಪೆ ಬಂದಾಗ, "ತೇವ ಇದೆ ಮೇಡಂ, ಒಣಗೋ ತನಕ ಕೈ ಇಡಬೇಡಿ," ಎಂದು ಎಚ್ಚರಿಸಿದ. "ನನ್ನನ್ನ 'ಅಂಗಡಿಯವರೇ' ಅಂತ ಕರೀರಿ, ನಾಚ್ಕೋಬೇಡಿ," ಎಂದೂ ಹೇಳಿಕೊಟ್ಟ.

ಹೀಗೆ ದಿನವೂ ಅಂಗಡಿ ತೆರೆಯಿತು. ಒಂದು ಸಂಜೆ ಅಡುಗೆಮನೆಯಲ್ಲಿದ್ದ ಹೆಂಡತಿಗೂ, ಹಜಾರದಲ್ಲಿ ಕಣ್ಣುಮುಚ್ಚಿ ಕೂತಿದ್ದ ಅತ್ತೆಗೂ ಒಂದು ಸಣ್ಣ, ಸ್ಪಷ್ಟವಾದ ದನಿ ಕೇಳಿಸಿತು.

"ಅಂಗಡಿಯವರೇ, ಹೊರಗೋಡೆಗೆ."

ಹೆಂಡತಿಯ ಕೈಯಿಂದ ಸೌಟು ಬಿತ್ತು. ಓಡಿಬಂದು ಮಗುವನ್ನು ಎತ್ತಿಕೊಂಡು ಅತ್ತಳು, ನಕ್ಕಳು, ಮತ್ತೆ ಅತ್ತಳು. ಅತ್ತೆ ಮಾತ್ರ ಕೆನ್ನೆಗೆ ಕೈ ಇಟ್ಟುಕೊಂಡರು.

"ಅಮ್ಮ ಅನ್ನಲಿಲ್ಲ, ಅಜ್ಜಿ ಅನ್ನಲಿಲ್ಲ. ಬಾಯಿಬಿಟ್ಟು ಕೇಳಿದ್ದು ಹೊರಗೋಡೆ! ಅವಳಪ್ಪನ ತಲೆ ಹಾಗೇ ಬಂದಿದೆ."

ಕಟ್ಟೆ ಒಡೆದ ಹಾಗಾಯಿತು. ಒರಟು, ನುಣುಪು, ತೇವ, ಒಣಗಿದ್ದು, ಮೂಲೆ, ಅಂಚು, ಸಜ್ಜಾ, ಬಿರುಕು, ಎಲ್ಲ ಮಾತೂ ಒಂದರ ಹಿಂದೊಂದು ಬಂದವು. ಹಾಲಿನ ಲೋಟ ನೋಡಿ, "ಹಾಲುಗೆನೆ, ಒಂದು ಲೀಟರ್," ಎಂದಳು. ಅಜ್ಜಿಯ ಕೆನ್ನೆಯ ಸುಕ್ಕು ಸವರಿ, "ಬಿರುಕು. ಪುಟ್ಟಿ ತುಂಬಬೇಕು," ಎಂದಳು. ಅಜ್ಜಿ ಮಾರನೆಯ ಸಂಜೆಯ ತನಕ ಅಳಿಯನ ಜೊತೆ ಮಾತು ಬಿಟ್ಟರು. ಅಳಿಯನಿಗೆ ಅದು ಆಟಕ್ಕೆ ಸಿಕ್ಕ ಬಹುಮಾನದಂತೆ ಕಂಡಿತು.

ಸುದ್ದಿ ಬೀದಿಗೆ ಹರಡಿತು. ಮಾತು ತಡವಾದ ಮಕ್ಕಳ ತಾಯಂದಿರು ಅಂಗಡಿಗೆ ಬಂದು ಸಲಹೆ ಕೇಳತೊಡಗಿದರು. ಡಬ್ಬಣ್ಣ ಮುಚ್ಚಳ ಬಡಿಯುವುದನ್ನು ನಿಲ್ಲಿಸಿ, "ಬಣ್ಣ ಅಂದ್ರೆ ಬರೀ ಬಣ್ಣ ಅಲ್ಲಮ್ಮಾ," ಎಂದು ಶುರು ಮಾಡುತ್ತಿದ್ದ. ಬಣ್ಣ ಮತ್ತೇನು ಎಂದು ಅವನೂ ಹೇಳುತ್ತಿರಲಿಲ್ಲ, ಅವರೂ ಕೇಳುತ್ತಿರಲಿಲ್ಲ. ಎದುರು ಸಾಲಿನ ದರ್ಜಿಯಂತೂ ಒಂದು ದಿನ, "ನೀವೀಗ ಡಬ್ಬಣ್ಣ ಅಲ್ಲ ಅಣ್ಣಾ, ವರ್ಣತಜ್ಞರು!" ಎಂದುಬಿಟ್ಟ. ಆ ಮಾತು ಡಬ್ಬಣ್ಣನ ತಲೆಯಲ್ಲಿ ಎರಡು ಕೋಟಿಂಗ್ ಹೊಡೆದ ಹಾಗೆ ಗಟ್ಟಿಯಾಗಿ ಕೂತಿತು. ಸಂಜೆ ಬಾಗಿಲಲ್ಲಿ ಗುಬ್ಬಿ ಮಾತ್ರ ಮೊದಲಿನ ಹಾಗೇ ಅಂಗಿಯ ಚುಕ್ಕೆ ಮುಟ್ಟಿ ಸುಮ್ಮನೆ ನೋಡುತ್ತಿದ್ದಳು. ಇಷ್ಟೆಲ್ಲ ಮಾತು ಬಂದರೂ ಅವನಿಗೆ ಬೇಕಾದ ಆ ಒಂದು ಮಾತು ಇನ್ನೂ ಬಂದಿರಲಿಲ್ಲ.

ಶಿಶುವಿಹಾರದ ಸಂದರ್ಶನದ ದಿನ ಬಂತು. ಹೆಂಡತಿಗೆ ಅದೇ ಬೆಳಿಗ್ಗೆ ಆಸ್ಪತ್ರೆಯಿಂದ ಕರೆ ಬಂದಿತ್ತು. ಹೊರಡುವಾಗ ಗಂಡನ ಕೈ ಹಿಡಿದು, "ರೀ, ಸೀಟು ಸಿಗಲಿಲ್ಲ ಅಂದ್ರೆ ನನ್ನ ಕೆಲಸ ಹೋಯ್ತು ಅಂತಾನೇ ಲೆಕ್ಕ. ಸುಮ್ನೆ ಇದ್ದದ್ದು ಇದ್ದ ಹಾಗೆ ಹೇಳಿ ಬನ್ನಿ," ಎಂದಳು. ಡಬ್ಬಣ್ಣ ಹೂಂ ಎಂದ. ಅಂಗಡಿಗೆ ಒಂದು ಸುತ್ತು ಹೋಗಿ ಯಜಮಾನರಿಗೆ ಹೇಳಿ ಹೋಗೋಣವೆಂದು ಕೆಲಸದ ಅಂಗಿಯಲ್ಲೇ, ಗುಬ್ಬಿಯನ್ನು ಎತ್ತಿಕೊಂಡು ಹೊರಟ. ದಾರಿಯಲ್ಲಿ ದರ್ಜಿ ಅಡ್ಡ ಹಾಕಿದ.

"ವರ್ಣತಜ್ಞರು ಈ ಅಂಗೀಲಿ ಸ್ಕೂಲಿಗೆ ಹೋಗೋದಾ? ಮಗೂ ಭವಿಷ್ಯ ಏನಾಗಬೇಕು ಅಣ್ಣಾ? ಬನ್ನಿ ಒಳಗೆ. ಒಂದು ಸೂಟು ಹೊಲಿದಿಟ್ಟಿದೀನಿ. ಅದರ ಯಜಮಾನ್ರು ಬರೋದು ಸಂಜೆಗೆ."

ಇದ್ದದ್ದು ಇದ್ದ ಹಾಗೆ ಎಂದು ಹೆಂಡತಿ ಹೇಳಿದ ಮಾತು ಡಬ್ಬಣ್ಣನಿಗೆ ನೆನಪಾಯಿತು. ಆದರೆ ಸೂಟು ಎದುರಿಗೇ ನೇತಾಡುತ್ತಿತ್ತು. ಪರದೆಯ ಹಿಂದೆ ಹೋದವನು ಈಚೆ ಬರುವಾಗ ಬೇರೆಯೇ ಮನುಷ್ಯನಾಗಿದ್ದ. ಫೋನು, ಪರ್ಸು, ಎಲ್ಲ ಹಳೆ ಅಂಗಿಯ ಜೇಬಿನಲ್ಲೇ ಉಳಿದವು. ದರ್ಜಿಯ ಸ್ಟೂಲಿನ ಮೇಲೆ ಗುಂಡಿಡಬ್ಬಿ ಹಿಡಿದು ಕೂತಿದ್ದ ಗುಬ್ಬಿ ಅವನನ್ನು ಮೇಲಿಂದ ಕೆಳಗೆ ನೋಡಿ, "ಅಂಗಡಿಯವರೇ," ಎಂದು ಕೈ ಹಿಡಿದುಕೊಂಡಳು. ಡಬ್ಬಣ್ಣನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಕಾಣಬೇಕಾಗಿತ್ತು.

ಶಿಶುವಿಹಾರದ ದೊಡ್ಡ ಟೀಚರ್ ಕನ್ನಡಕದ ಮೇಲಿಂದ ನೋಡುವ ಹೆಂಗಸು. ಕೋಣೆಯಲ್ಲಿದ್ದ ಕುರ್ಚಿಗಳೆಲ್ಲ ಮಕ್ಕಳ ಅಳತೆಯವು. ಡಬ್ಬಣ್ಣ ಕೂತಾಗ ಮಂಡಿಗಳು ಕಿವಿಯ ಹತ್ತಿರ ಬಂದವು, ಸೂಟು ಬೆನ್ನಿನಲ್ಲಿ ಎಲ್ಲೋ ಕಿರ್ ಎಂದಿತು.

"ತಾವು ಏನು ಮಾಡ್ಕೊಂಡಿದೀರಿ?"

"ನಾನು ವರ್ಣತಜ್ಞ," ಎಂದ ಡಬ್ಬಣ್ಣ, ಎಷ್ಟು ಗಂಭೀರವಾಗಿ ಸಾಧ್ಯವೋ ಅಷ್ಟು ಗಂಭೀರವಾಗಿ.

ಟೀಚರ್ ಪ್ರಭಾವಿತರಾದರು. ಒಂದು ಹಾಳೆ, ಬಣ್ಣದ ಕಡ್ಡಿಗಳನ್ನು ಗುಬ್ಬಿಯ ಮುಂದಿಟ್ಟರು. ಹಾಳೆಯಲ್ಲಿ ಒಂದು ಮನೆ, ಮರ, ಸೂರ್ಯ. ಅವರ ಸಂದರ್ಶನ ಅಷ್ಟೇ: ಮಗು ಬಣ್ಣ ಹಚ್ಚಬೇಕು, ಅವರು ಪಕ್ಕದಲ್ಲಿ ಕೂತು ಹರಟಬೇಕು.

"ಇದೇನು ಪುಟ್ಟಾ?"

"ಮನೆ," ಎಂದಳು ಗುಬ್ಬಿ. "ಹೊರಗೋಡೆ. ಕಿಟಕಿ. ಸಜ್ಜಾ. ಒರಟಿದೆ."

ಟೀಚರ್ ಕನ್ನಡಕ ಸರಿಮಾಡಿಕೊಂಡರು. "ಸಜ್ಜಾ ಅಂತಾನೂ ಗೊತ್ತಾ! ಮತ್ತೆ ಇದು?"

"ಬಿಸಿಲು. ಬೇಗ ಮಾಸುತ್ತೆ."

"ಅಬ್ಬಬ್ಬಾ! ಈ ಮರದ ಎಲೆಗೆ ಯಾವ ಬಣ್ಣ ಹಾಕ್ತೀಯಾ?"

"ಗಿಣಿಯ ಕನಸು."

ಟೀಚರ್ ಎದೆಯ ಮೇಲೆ ಕೈಯಿಟ್ಟುಕೊಂಡರು. "ಇಷ್ಟು ವರ್ಷದಲ್ಲಿ ಎಲ್ಲ ಮಕ್ಕಳೂ ಹಸಿರು ಅಂದಿದಾವೆ. ಇದು ಕವಿತೆ ಕಣ್ರೀ!" ಎಂದು ಡಬ್ಬಣ್ಣನ ಕಡೆ ತಿರುಗಿದರು. ಡಬ್ಬಣ್ಣ ವಿನಯದಿಂದ ತಲೆ ಬಗ್ಗಿಸಿದ. ಗುಬ್ಬಿ ಆಗ ಕೋಣೆಯ ಗೋಡೆ ನೋಡಿ, ಹತ್ತಿರ ಹೋಗಿ ಮೂಸಿ, "ತೇವ. ಕೆರೆದು ಹಾಕಬೇಕು," ಎಂದಳು. ಟೀಚರ್ ಅದನ್ನು ಕೇಳಿಸಿಕೊಳ್ಳದವರ ಹಾಗೆ ನಕ್ಕರು. ಸೀಟು ಸಿಕ್ಕಿಬಿಟ್ಟಿತ್ತು. ಎದ್ದು ನಮಸ್ಕಾರ ಹೇಳಿ ಹೊರಡುವುದೊಂದು ಬಾಕಿ. ಟೀಚರ್ ಮಗುವಿನ ಗಲ್ಲ ಹಿಡಿದು, ಸುಮ್ಮನೆ ಪ್ರೀತಿಗೆ, ಕೊನೆಯದಾಗಿ ಒಂದು ಮಾತು ಕೇಳಿದರು.

"ನಿನ್ನನ್ನ ಕರ್ಕೊಂಡು ಬಂದಿದಾರಲ್ಲ, ಇವರು ಯಾರು?"

"ಅಂಗಡಿಯವರು," ಎಂದಳು ಗುಬ್ಬಿ.

ಟೀಚರ್ ನಗು ಅಲ್ಲೇ ನಿಂತಿತು. "ಯಾರು ಪುಟ್ಟಾ?"

"ಅಂಗಡಿಯವರು."

"ನಿಮ್ಮಪ್ಪ ಅಲ್ವಾ?"

ಗುಬ್ಬಿ ಡಬ್ಬಣ್ಣನನ್ನು, ಆ ಸೂಟನ್ನು, ಚುಕ್ಕೆಯಿಲ್ಲದ ಬಿಳಿ ಎದೆಯನ್ನು ಮತ್ತೊಮ್ಮೆ ನೋಡಿ ತನ್ನ ಹಳೆಯ ಮಾತೊಂದನ್ನು ಹೊರತೆಗೆದಳು.

"ಅಲ್ಲ."

ಡಬ್ಬಣ್ಣ ಕುರ್ಚಿಯಿಂದ ತಟ್ಟನೆ ಎದ್ದ. "ಅಯ್ಯೋ ಮೇಡಂ, ಅದು ಆಟ! ಮನೇಲಿ ನಾನು ಅಂಗಡಿಯವನು, ಅವಳು ಗಿರಾಕಿ..." ಎಂದು ಶುರುಮಾಡಿದ. ವಿವರಿಸಿದಷ್ಟೂ ಅದು ಹದಗೆಡುತ್ತ ಹೋಯಿತು. ಟೀಚರ್ ಮಗುವನ್ನು ತಮ್ಮ ಹತ್ತಿರ ಎಳೆದುಕೊಂಡು, ಕಿಟಕಿಯಿಂದ ಕೈಬೀಸಿ, ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುತ್ತಿದ್ದ ಪೊಲೀಸಿನವನನ್ನು ಕರೆದರು. ಗುಬ್ಬಿ ಇದಾವುದೂ ತನಗೆ ಸಂಬಂಧವಿಲ್ಲವೆಂಬಂತೆ ಕೂತು ಹೊರಗೋಡೆಗೆ ಎರಡನೇ ಕೋಟಿಂಗ್ ಶುರುಮಾಡಿದಳು.

ಒಳಗೆ ಬಂದ ಪೊಲೀಸಿನವನನ್ನು ನೋಡಿ ಡಬ್ಬಣ್ಣನಿಗೆ ಹೋದ ಜೀವ ಬಂದಂತಾಯಿತು. ಗುರುತಿನ ಗಿರಾಕಿ!

"ಸಾರ್, ನೀವಾದ್ರೂ ಹೇಳಿ, ನಾನು ಯಾರು ಅಂತ!"

ಪೊಲೀಸಿನವನು ಅವನ ಮುಖವನ್ನು ದಿಟ್ಟಿಸಿ ನೋಡಿದ.

"ಮೇಡಂ, ಇವನು ಅಂಗಡಿಯವನೇ. ಅದರಲ್ಲಿ ಅನುಮಾನವೇ ಇಲ್ಲ. ನಮ್ಮ ಹಜಾರಕ್ಕೆ 'ಬೆಳಗಿನ ಮಂಜು' ಅಂತ ಬಣ್ಣ ಕೊಟ್ಟವನು ಇವನೇ. ಒಣಗಿದ ಮೇಲೆ ನೋಡಿದ್ರೆ ಆಸ್ಪತ್ರೆ ವಾರ್ಡಾಗಿದೆ. ಬಂದ ನೆಂಟರು ಚಪ್ಪಲಿ ಬಿಟ್ಟು, ಯಾರಿಗೆ ಹುಷಾರಿಲ್ಲ ಅಂತ ಕೇಳ್ತಾರೆ!"

"ಹಾಗಾದ್ರೆ ವರ್ಣತಜ್ಞ ಅಂದಿದ್ದು?" ಎಂದರು ಟೀಚರ್.

"ತಜ್ಞನಾ? ಇವನಾ?" ಪೊಲೀಸಿನವನಿಗೆ ಹಜಾರದ ಸಿಟ್ಟೆಲ್ಲ ಒಮ್ಮೆಗೇ ನೆನಪಾಯಿತು.

"ಮಗು ಇವರದೇನಾ?"

"ಅದು ನನಗೆ ಗೊತ್ತಿಲ್ಲ. ಬಣ್ಣ ಮಾತ್ರ ಇವನದೇ."

ಡಬ್ಬಣ್ಣನಿಗೆ ಬಾಯಿಪಾಠವಿದ್ದದ್ದು ಒಂದೇ ಫೋನ್ ನಂಬರು, ಅತ್ತೆಯದು. ದಿನವೂ ಅಂಗಡಿಗೆ ಫೋನ್ ಮಾಡಿ ಬೈಯುವವರ ನಂಬರು ತಾನಾಗಿಯೇ ನೆನಪಿರುತ್ತದೆ. ಟೀಚರ್ ಮೇಜಿನ ಮೇಲಿನ ಫೋನಿನಿಂದ ಮಾಡಿ, ಎಲ್ಲರಿಗೂ ಕೇಳುವಂತೆ ಇಟ್ಟರು.

"ಅಮ್ಮಾ, ಶಿಶುವಿಹಾರದಿಂದ ಮಾತಾಡ್ತಿದೀನಿ. ನಿಮ್ಮ ಅಳಿಯ ಅಂತ ಹೇಳ್ಕೊಂಡು ಒಬ್ರು ಬಂದಿದಾರೆ. ಸೂಟು ಹಾಕ್ಕೊಂಡು..."

"ಸೂಟಾ?" ಎಂದಿತು ಅತ್ತೆಯ ದನಿ. "ಹಾಗಾದ್ರೆ ನನ್ನ ಅಳಿಯ ಅಲ್ಲ ಬಿಡಿ. ಅವನು ಹೊರಗೆ ಹಾಕ್ಕೊಂಡು ಹೋಗೋದು ಒಂದೇ ಅಂಗಿ. ಅದೂ ಅಂಗಿ ಅನ್ನೋ ಹಾಗಿಲ್ಲ."

"ವರ್ಣತಜ್ಞರಂತೆ."

"ನಮ್ಮವನು ಡಬ್ಬ ತೆಗಿಯೋನಮ್ಮಾ! ಬೆಳಿಗ್ಗೆ ಆ ಚುಕ್ಕೆ ಅಂಗೀಲೇ ಹೋಗಿದ್ದು, ಕಣ್ಣಾರೆ ನೋಡಿದೀನಿ."

"ಅತ್ತೇ! ನಾನೇ ಅತ್ತೇ!" ಎಂದು ಡಬ್ಬಣ್ಣ ಫೋನಿನ ಮೇಲೆ ಬಾಗಿ ಕೂಗಿದ.

ಆ ಕಡೆಯಿಂದ ಅತ್ತೆ ದನಿ ತಗ್ಗಿಸಿ ಹೇಳಿದರು. "ಹುಷಾರಮ್ಮಾ. ದನಿ ಥೇಟ್ ಅವನದೇ. ಕಲ್ತುಕೊಂಡೇ ಬಂದಿದಾನೆ ಖದೀಮ. ನನ್ನ ಮೊಮ್ಮಗಳನ್ನ ಬಿಡಬೇಡಿ, ಅವನನ್ನೂ ಬಿಡಬೇಡಿ. ಮಗಳನ್ನ ಕರ್ಕೊಂಡು ಈಗಲೇ ಬಂದೆ!" ಫೋನು ಕಟ್ಟಾಯಿತು.

ಡಬ್ಬಣ್ಣ ಪುಟ್ಟ ಕುರ್ಚಿಯ ಮೇಲೆ ಕುಸಿದ. ಇಷ್ಟು ವರ್ಷ 'ನನ್ನ ಅಳಿಯ' ಎಂದು ಬಾಯಿಬಿಟ್ಟು ಹೇಳದಿದ್ದ ಅತ್ತೆ, ಹೇಳಿದ ದಿನವೇ ಅದಕ್ಕೊಂದು 'ಅಲ್ಲ' ಸೇರಿಸಿ ಹೇಳಬೇಕೆ? ಅಷ್ಟರಲ್ಲಿ ಬಾಗಿಲಲ್ಲಿ ಏದುಸಿರು ಕೇಳಿಸಿತು. ಕೊರಳಲ್ಲಿ ಅಳತೆ ಟೇಪು, ಕಂಕುಳಲ್ಲಿ ಒಂದು ಗಂಟು. ದರ್ಜಿ!

"ಅಣ್ಣಾ, ಬೇಗ ಬಿಚ್ಚಿ! ಸೂಟಿನ ಯಜಮಾನ್ರು ಈಗಲೇ ಬಂದು ಅಂಗಡೀಲಿ ಕೂತಿದಾರೆ. ಗುಂಡಿ ಹಾಕ್ತಿದೀನಿ ಅಂತ ಸುಳ್ಳು ಹೇಳಿ ಬಂದೆ."

ಟೀಚರ್ ನಿಧಾನವಾಗಿ ಎದ್ದು ನಿಂತರು. "ಈ ಸೂಟೂ ಇವರದಲ್ವಾ?"

"ಒಂದು ಗುಂಡಿನೂ ಇವರದಲ್ಲ ಮೇಡಂ," ಎಂದ ದರ್ಜಿ, ತನ್ನ ವೃತ್ತಿಯ ಪ್ರಾಮಾಣಿಕತೆಯಿಂದ.

"ಕೆಲಸ ಸುಳ್ಳು, ಬಟ್ಟೆ ಬೇರೆಯವರದು. ಮಗು ಮಾತ್ರ ನಿಮ್ಮದು ಅಂತ ನಾನು ನಂಬಬೇಕು."

"ಮಗು ಅವರದೇ ಮೇಡಂ, ನಾನು ಸಾಕ್ಷಿ!" ಎಂದ ದರ್ಜಿ.

"ವೇಷ ಕಟ್ಟಿಕೊಟ್ಟವನ ಸಾಕ್ಷಿ," ಎಂದು ಪೊಲೀಸಿನವನು ಮೀಸೆಯ ಮೇಲೆ ಕೈಯಾಡಿಸಿದ. "ಒಬ್ಬನೇ ಅಂದ್ಕೊಂಡಿದ್ದೆ. ಗುಂಪೇ ಇದೆ."

ದರ್ಜಿಗೆ ಜೈಲಿಗಿಂತ ಅಂಗಡಿಯಲ್ಲಿ ಕೂತಿದ್ದವನ ಭಯ ದೊಡ್ಡದಾಗಿತ್ತು. ಡಬ್ಬಣ್ಣನನ್ನು ಆಟದ ಸಾಮಾನಿನ ಬೀರುವಿನ ಹಿಂದಕ್ಕೆ ತಳ್ಳಿ, ಸೂಟು ಕಳಚಿಸಿಕೊಂಡು, ಗಂಟಿನಲ್ಲಿದ್ದ ಹಳೆಯ ಬಟ್ಟೆಯನ್ನು ಅವನ ಕೈಗೆ ತುರುಕಿದ. ಪೊಲೀಸಿನವನು ಬೀರುವಿನ ಒಂದು ಕಡೆಗೆ ಕಾವಲು ನಿಂತ. ಟೀಚರ್ ಇನ್ನೊಂದು ಕಡೆಗೆ ಬೆನ್ನು ತಿರುಗಿಸಿ ನಿಂತರು. ಬೀರುವಿನ ಹಿಂದೆ ಡಬ್ಬಣ್ಣ ಗುಂಡಿ ಹಾಕಿಕೊಳ್ಳುತ್ತ, ಹೆಂಡತಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದ. ಸೀಟು ಹೋಯಿತು. ಅವಳ ಕೆಲಸ ಹೋಯಿತು. ಎಲ್ಲಕ್ಕಿಂತ ಹೆಚ್ಚಾಗಿ ಗುಬ್ಬಿ 'ಅಲ್ಲ' ಅಂದುಬಿಟ್ಟಿದ್ದಳು. ತಲೆ ತಗ್ಗಿಸಿಕೊಂಡು, ಚುಕ್ಕೆಗಳ ಅಂಗಿಯಲ್ಲಿ ಈಚೆಗೆ ಬಂದ.

ಗುಬ್ಬಿ ಹಾಳೆಯಿಂದ ತಲೆಯೆತ್ತಿದಳು. ಕೈಯಲ್ಲಿದ್ದ ಬಣ್ಣದ ಕಡ್ಡಿ ಕೆಳಗೆ ಬಿತ್ತು.

"ಅಪ್ಪ ಬಂದ!" ಎಂದಳು, ಥೇಟ್ ಅಜ್ಜಿಯ ರಾಗದಲ್ಲಿ. "ಅಪ್ಪ ಬಂದ, ನೋಡು!"

ಓಡಿಬಂದು ಅವನ ಕಾಲಿಗೆ ತೆಕ್ಕೆಬಿದ್ದಳು. ಡಬ್ಬಣ್ಣ ಎತ್ತಿಕೊಂಡದ್ದೇ ತಡ, ಎಂದಿನ ಹಾಗೆ ಅಂಗಿಯ ಚುಕ್ಕೆಗಳ ಮೇಲೆ ಬೆರಳಿಟ್ಟಳು. ಆದರೆ ಈ ಸಲ ಸುಮ್ಮನಿರಲಿಲ್ಲ. ಇಷ್ಟು ದಿನ ಒಳಗೆ ಜೋಡಿಸಿಟ್ಟುಕೊಂಡದ್ದನ್ನೆಲ್ಲ ಹೇಳಿದಳು.

"ಹಾಲುಗೆನೆ. ಸಂಜೆಯ ನಾಚಿಕೆ. ಆನೆಯ ನೆರಳು. ಗಿಣಿಯ ಕನಸು. ಬೆಳಗಿನ ಮಂಜು."

"ಅದೇ! ಅದೇ ನಮ್ಮ ಹಜಾರದ್ದು!" ಎಂದು ಪೊಲೀಸಿನವನು ಅಂಗಿಯ ಹತ್ತಿರ ಮುಖ ತಂದ. "ನೋಡಿ ಮೇಡಂ, ಇಲ್ಲೂ ವಾರ್ಡಿನ ಹಾಗೇ ಇದೆ."

ಡಬ್ಬಣ್ಣ ಅಳತೊಡಗಿದ. ಬಂಧನದ ಭಯಕ್ಕೆ ಎಂದು ಪೊಲೀಸಿನವನು ತಿಳಿದ, ಸೂಟು ಹೋದ ದುಃಖಕ್ಕೆ ಎಂದು ದರ್ಜಿ ತಿಳಿದ. ಟೀಚರ್ ಮಾತ್ರ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಅಷ್ಟು ವರ್ಷ ಮಕ್ಕಳ ನಡುವೆ ಇದ್ದವರು ಅವರು. ಯಾವ ಮಾತು ಯಾವ ಅಂಗಿಗೆ ಗಂಟು ಬಿದ್ದಿದೆ ಎಂದು ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ನಾಳಿದ್ದಿನಿಂದ ಕಳಿಸಿ ಮಗೂನ," ಎಂದರು. ಸ್ವಲ್ಪ ತಡೆದು, ಗೋಡೆಯ ಕಡೆ ನೋಡಿ, "ಮತ್ತೆ ಇದು ನಿಜವಾಗ್ಲೂ ಕೆರೆದು ಹಾಕಬೇಕಾ?" ಎಂದು ಗುಬ್ಬಿಯನ್ನೇ ಕೇಳಿದರು.

"ಹೂಂ. ಮೊದಲು ಪ್ರೈಮರ್," ಎಂದಳು ಗುಬ್ಬಿ.

ಬಾಗಿಲು ದಡಾರನೆ ತೆರೆಯಿತು. ಕೊಡೆಯನ್ನು ಈಟಿಯ ಹಾಗೆ ಹಿಡಿದ ಅತ್ತೆ, ಅವರ ಹಿಂದೆ ನರ್ಸಿನ ಉಡುಪಿನಲ್ಲೇ ಓಡಿಬಂದ ಹೆಂಡತಿ. ಅತ್ತೆಯ ಕಣ್ಣು ಕೋಣೆಯೆಲ್ಲ ಸುತ್ತಿ, ಚುಕ್ಕೆಯ ಅಂಗಿಯ ಮೇಲೆ, ಅದನ್ನು ತಬ್ಬಿಕೊಂಡ ಮೊಮ್ಮಗಳ ಮೇಲೆ ನಿಂತಿತು.

"ಇವನೇ! ಇವನೇ ನನ್ನ ಅಳಿಯ!" ಎಂದು ಊರಿಗೆಲ್ಲ ಕೇಳುವಂತೆ ಸಾರಿದರು. "ಎಲ್ಲಿ ಆ ಸೂಟಿನವನು?"

ದರ್ಜಿ ಸೂಟನ್ನು ಬೆನ್ನ ಹಿಂದೆ ಮರೆಮಾಡಿದ. ಪೊಲೀಸಿನವನು ಡಬ್ಬಣ್ಣನನ್ನು ನೋಡಿದ, ಗುಬ್ಬಿಯನ್ನು ನೋಡಿದ. ಹಜಾರದ ಸಿಟ್ಟು ಆ ಕ್ಷಣಕ್ಕೆ ಸ್ವಲ್ಪ ಇಳಿದಿರಬೇಕು.

"ಓಡಿಹೋದ ಅಜ್ಜೀ," ಎಂದ. "ನಿಮ್ಮ ಅಳಿಯ ಬಂದ ತಕ್ಷಣ ಹೇಳಹೆಸರಿಲ್ಲದ ಹಾಗೆ ಹೋದ."

ಅತ್ತೆ ಕೊಡೆ ಇಳಿಸಿದರು. ಮೊದಲ ಬಾರಿಗೆ ಅಳಿಯನ ಬೆನ್ನು ತಟ್ಟಿದರು. ಬೀದಿಯಲ್ಲಿ ಇವತ್ತಿಗೂ ಅವರು ಈ ಕತೆ ಹೇಳುತ್ತಾರೆ. ಸೂಟಿನವನ ಎತ್ತರ ಹೇಳಿದ ಪ್ರತಿ ಸಲವೂ ಬೆಳೆಯುತ್ತಿದೆ. ದರ್ಜಿ ಅದನ್ನು ಕೇಳುತ್ತ ಬಟ್ಟೆಯ ಮೇಲೆ ತಲೆ ಬಗ್ಗಿಸುತ್ತಾನೆ. ಹೆಂಡತಿಗೆ ಮಾತ್ರ ಡಬ್ಬಣ್ಣ ದಾರಿಯಲ್ಲೇ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದ. ಅವಳು ನಕ್ಕು ನಕ್ಕು ರಸ್ತೆಬದಿಯ ಕಲ್ಲಿನ ಮೇಲೆ ಕೂತುಬಿಟ್ಟಳು.

ಸಂಜೆ ಎಂದಿನ ಹಾಗೆ ಸ್ನಾನವಾಯಿತು. ಇಸ್ತ್ರಿಯಾದ ಬಿಳಿ ಅಂಗಿ ತೊಟ್ಟು ಡಬ್ಬಣ್ಣ ಚಾಪೆಯ ಮೇಲೆ ಕೂತ. ಬಣ್ಣದ ಕಡ್ಡಿಗಳು ಸಾಲಾಗಿ ನಿಂತವು.

"ಬನ್ನಿ ಮೇಡಂ. ಏನು ಕೊಡಲಿ?"

ಗುಬ್ಬಿ ಅತ್ತಿತ್ತ ನೋಡಿ, ಮುಂದೆ ಬಾಗಿ, ಗುಟ್ಟು ಹೇಳುವವಳ ಹಾಗೆ ಹೇಳಿದಳು.

"ಅಂಗಡಿಯವರೇ, ಇವತ್ತು ಸ್ಕೂಲಿಗೆ ಅಪ್ಪ ಬಂದಿದ್ದ."

ಡಬ್ಬಣ್ಣ ಸಾಲಾಗಿದ್ದ ಕಡ್ಡಿಗಳನ್ನೇ ಇನ್ನೊಮ್ಮೆ ಸಾಲಾಗಿ ಇಟ್ಟ.

"ಹೌದಾ ಮೇಡಂ?" ಎಂದ ಕೊನೆಗೆ. "ನಿಮ್ಮಪ್ಪ ಹೇಗಿದಾರೆ?"

ಹೇಗಿದ್ದಾರೆ ಎಂದು ಹೇಳಲು ಗುಬ್ಬಿಯ ಹತ್ತಿರ ಮಾತು ಸಾಲಲಿಲ್ಲವೋ ಏನೋ. ಸಾಲಿನಿಂದ ಹಸಿರು ಕಡ್ಡಿ ಆರಿಸಿಕೊಂಡಳು. ಎದ್ದು ಬಂದು, ಅಂಗಡಿಯವರ ಬಿಳಿ ಅಂಗಿಯ ಜೇಬಿನ ಮೇಲೆ ಒಂದು ಚುಕ್ಕೆಯಿಟ್ಟಳು. "ಗಿಣಿಯ ಕನಸು." ಕೆಂಪು ತೆಗೆದು ಎದೆಯ ಮೇಲೆ ಇನ್ನೊಂದಿಟ್ಟಳು. "ಸಂಜೆಯ ನಾಚಿಕೆ." ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ, ಈಗಷ್ಟೇ ಒಗೆದ ಅಂಗಿ ಎಂದು ಕೂಗಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಗುಬ್ಬಿ ತೋಳಿಗೆ, ಕಾಲರಿಗೆ, ಹೊಟ್ಟೆಗೆ, ಎಲ್ಲ ಕಡೆ ಚುಕ್ಕೆಯಿಟ್ಟು, ಎರಡು ಹೆಜ್ಜೆ ಹಿಂದೆ ಹೋಗಿ ನಿಂತು, ಗೋಡೆ ಪರೀಕ್ಷಿಸುವವಳ ಹಾಗೆ ತಲೆ ವಾರೆಮಾಡಿ ನೋಡಿದಳು. ಮುಖ ಅರಳಿತು.

"ಅಪ್ಪ!"

"ಒಂದು ಕೋಟಿಂಗ್ ಸಾಕಾ ಮೇಡಂ?" ಎಂದು ಕೇಳಿದ ಡಬ್ಬಣ್ಣ, ಮೂಗು ಒರೆಸಿಕೊಳ್ಳುತ್ತ.

"ಎರಡು ಬೇಕು," ಎಂದಳು ಗುಬ್ಬಿ, ಮತ್ತೆ ಕಡ್ಡಿ ಕೈಗೆತ್ತಿಕೊಂಡು.